ಒಂದು ಬೆಳಕಿನ ಹೆಸರು

ಅಪ್ಪನ ತಲೆ ಮತ್ತೆ ಎಡಕ್ಕೆ ವಾಲಿತು. ಗೋಡೆಗೆ ಆನಿಸಿ ಕೂರಿಸಿದ್ದ ದೇಹವನ್ನು ಯಲ್ಲಾಲಿಂಗ ಮಾಮಾ ನೆಟ್ಟಗೆ ಮಾಡಿ, ಹಣೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಕಿಟಕಿಯ ಸರಳಿಗೆ ಎರಡನೇ ಸಲ ಬಿಗಿದ.

“ಇದ್ದಾಗೂ ಹಿಂಗೇ, ತಲಿ ವಾರಿ ಮಾಡಿ ನೋಡೋದು,” ಎಂದಳು ಅವ್ವ ಗುಂಡವ್ವ, ಅತ್ತು ಒಡೆದ ದನಿಯಲ್ಲಿ. “ಊಟಕ್ಕ ತಾಟು ಕೊಟ್ರ ಮದಲ ಟ್ಯೂಬ್‌ಲೈಟಿಗೆ ಹಿಡೀತಿದ್ರು. ಮಗಳು ಫೋನ್ ಮಾಡಿದ್ರ ‘ಉಂಡ್ಯೇನವ್ವಾ’ ಅನ್ನೋದಿಲ್ಲ, ‘ಹೊಸಾ ಶಬ್ದ ಸಿಕ್ತೇನು’ ಅನ್ನೋದು.”

ನಾಶಿಕದಿಂದ ಆಗಷ್ಟೇ ಬಂದಿಳಿದ ನೀಲಾಂಬಿಕಾ ಹೆಗಲ ಚೀಲವನ್ನೂ ಇಳಿಸಿರಲಿಲ್ಲ. ಆ ಹೊಸ ಶಬ್ದ ಅವಳಿಗೆ ಸಿಕ್ಕಿತ್ತು. ಮಂಗಳವಾರವೇ ಸಿಕ್ಕಿತ್ತು. ಭಾನುವಾರ ಹೇಳಿದರಾಯಿತೆಂದು ಇಟ್ಟುಕೊಂಡಿದ್ದಳು. ಇವತ್ತು ಶುಕ್ರವಾರ.

•

ಭಾಲ್ಕಿಯಿಂದ ವಾಳೂಜಿನ ಕಾರ್ಖಾನೆಗೆ ಬಂದ ಅಪ್ಪ ಚಂದ್ರಾಮಪ್ಪ ಮೂವತ್ತು ವರ್ಷ ಒಂದೇ ಕೆಲಸ ಮಾಡಿದ: ತಿರುಗುವ ಚಕ್ರಕ್ಕೆ ಗಾಡಿಯ ಬಿಡಿಭಾಗ ಒತ್ತಿ ಹಿಡಿದು ಹೊಳಪು ಕೊಡುವುದು. ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ತಗೊಂಡಾಗ ಅವನಿಗೆ ಹುಚ್ಚು ಹಿಡಿಯಿತು. ಅವಳು ನಿಘಂಟು ಓದುವಳು, ಅವನು ಕೈಯಲ್ಲಿನ ಉಕ್ಕಿನ ತುಂಡನ್ನು ವಾರೆ ಮಾಡಿ ತೀರ್ಪು ಕೊಡುವನು.

“ಗ್ಲಿಟರ್ ಬ್ಯಾಡ. ಚುಕ್ಕಿ ಚುಕ್ಕಿ ಮಿಂಚ್ತದಂದ್ರ ಗೀರು ಉಳದದ. ಗ್ಲೀಮ್, ಹಾಂ, ಅದು ಎರಡನೇ ಚಕ್ರ ಆದ ಮ್ಯಾಲಿಂದು.”

“ಬ್ರಿಲಿಯಂಟ್ ಅನ್ನೋದು ಬಹುಶಃ ವೈಡೂರ್ಯದ ನಂಟಿನ ಶಬ್ದ ಅಪ್ಪಾ. ನಮ್ಮ ದೇಶದಿಂದ ಗ್ರೀಕಿಗೆ ಹೋಗಿ, ಅಲ್ಲಿಂದ ಇಟಲಿ, ಫ್ರಾನ್ಸ್ ತಿರುಗಿ...”

ಅವನು ಉಕ್ಕಿನ ತುಂಡನ್ನು ಕೆಳಗಿಟ್ಟ. “ಊರು ಬಿಟ್ಟು ಹೋದದ್ದು,” ಎಂದ. “ತಿರುಗಿ ಬಂದ್ರ ಯಾರಿಗೂ ಗುರ್ತು ಸಿಗಂಗಿಲ್ಲ ನೋಡು.”

•

ಹೋದ ಭಾನುವಾರ ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಫೋನ್ ಬಂದಿತ್ತು.

“ನೀಲಾ, ಹೊತ್ತು ಮುಳುಗಿದ ಮ್ಯಾಲೂ ಒಂದಿಷ್ಟು ಬೆಳಕು ಉಳಿತದಲ್ಲ, ಊರಾಗ ನಮ್ಮ ಗ್ವಾಡಿ ಮ್ಯಾಲ ಕಾಣ್ತಿತ್ತು. ಇಲ್ಲಿ ಶಿಫ್ಟ್‌ನಾಗೇ ಹೋಯ್ತು, ನೋಡ್ಲೇ ಇಲ್ಲ. ಅದಕ್ಕೇನಂತಾರ ಇಂಗ್ಲಿಷಿನಾಗ?”

“ನೋಡಿ ಹೇಳ್ತೀನಪ್ಪಾ, ಕೆಲಸದಾಗಿದ್ದೀನಿ.”

“ಅವಸರಿಲ್ಲವ್ವಾ.”

•

“ಲಗೂ ಮಾಡ್ರಿ, ಹೊತ್ತ ಮುಳುಗ್ಲತ್ತದ,” ಎಂದ ಮಾಮಾ. ರುದ್ರಭೂಮಿಯ ಕುಳಿಯಲ್ಲಿ ಅಪ್ಪ ಪದ್ಮಾಸನದಲ್ಲಿ ಕೂತಿದ್ದ, ಎಡಗೈಯಲ್ಲಿ ಲಿಂಗ.

“ಇನ್ನೊಂದು ಹತ್ತು ನಿಮಿಷ ಮಾಮಾ,” ಎಂದಳು ನೀಲಾಂಬಿಕಾ. ಸೂರ್ಯ ಕಾರ್ಖಾನೆಯ ತಗಡಿನ ಚಾವಣಿಯಿಂದ ಒಂದು ಗೇಣು ಮೇಲಿದ್ದ. ಅವನು ಇಳಿಯಲಿ, ಆ ಬೆಳಕು ಬರಲಿ, ಆಗ ಅಪ್ಪನಿಗೆ ಆ ಶಬ್ದ ಹೇಳಬೇಕು.

“ಯಾಕವ್ವಾ? ಯಾರರೆ ಬರೋರಿದ್ದಾರೇನು?”

ಅವಳ ಕಣ್ಣು ತಗಡಿನ ಮೇಲೇ ಇತ್ತು.

“ಮಗಳು ಬರ್ರಿ,” ಅಯ್ಯನವರು ಕರೆದರು. “ವಿಭೂತಿ ಹಾಕ್ರಿ. ಕಿವ್ಯಾಗ ಪಂಚಾಕ್ಷರಿ ಹೇಳ್ರಿ.”

ಅವಳು ಕುಳಿಗೆ ಇಳಿದಳು. ಅಪ್ಪನ ಕಿವಿಯ ಸುಕ್ಕುಗಳಲ್ಲಿ ಚಕ್ರದ ಕಪ್ಪು ಧೂಳು ಇನ್ನೂ ಇತ್ತು. ಕಡೆಯ ಸ್ನಾನಕ್ಕೂ ಹೋಗಿರಲಿಲ್ಲ. “ಓಂ ನಮಃ ಶಿವಾಯ,” ಎಂದಳು. ಆಮೇಲೆ ಇನ್ನೂ ಹತ್ತಿರ ಬಾಗಿ, “ಗ್ಲೋಮಿಂಗ್, ಅಪ್ಪಾ. ಗ್ಲೋ ಅಂತೀವಲ್ಲ, ಅದರ ಬಳಗದ್ದೇ. ಹಳೇ ಶಬ್ದ.”

“ಏನಂದಳು ಅಕಿ?” ಮೇಲೆ ಯಾರೋ ಕೇಳಿದರು.

“ಅಪ್ಪ ಮಗಳದು ಏನೋ ಇರ್ತದ, ಬಿಡ್ರಿ,” ಎಂದಳು ಗುಂಡವ್ವ.

ಮಣ್ಣು ಬಿತ್ತು. ಎಲ್ಲರೂ ಹಿಡಿ ಹಿಡಿ ಹಾಕಿದರು. ದಿಬ್ಬ ಏಳುವ ಹೊತ್ತಿಗೆ ಸೂರ್ಯ ತಗಡಿನಾಚೆ ಹೋಗಿದ್ದ.

ಗುಂಡವ್ವ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಕರಡಿಗೆ ತೆಗೆದಳು. ಅಪ್ಪ ಕೊರಳಲ್ಲಿ ಲಿಂಗ ಇಟ್ಟುಕೊಂಡಿದ್ದ ಪುಟ್ಟ ಡಬ್ಬಿ. “ತಗೋ. ಪ್ರತಿ ಬಸವ ಜಯಂತಿಗೂ ಕಾರ್ಖಾನಿ ಚಕ್ರಕ್ಕ ಹಿಡದು ಹಿಡದು ಮ್ಯಾಲ ಕೆತ್ತಿದ್ದ ನಂದೀನ್ನೇ ಅಳಿಸಿಬಿಟ್ರು.”

ಬೆಳ್ಳಿ ಕಾಗದದಷ್ಟು ತೆಳುವಾಗಿತ್ತು. ಜನ ಗೇಟಿನತ್ತ ನಡೆದರು. ನೀಲಾಂಬಿಕಾ ಅಲ್ಲೇ ನಿಂತು, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೆಲ್ಲಗೆ ಎಡಕ್ಕೆ ವಾರೆ ಮಾಡಿದಳು. ನಂದಿಯಿದ್ದ ನುಣುಪು ಜಾಗದಲ್ಲಿ, ಒಂದೂ ಗೀರಿಲ್ಲದೆ, ಆಕಾಶ ಇನ್ನೂ ಕೆಂಪಗಿತ್ತು.