ಜಗಲಿಯ ಮೇಲೆ ಅಕ್ಕನ ದನಿ

ರೊವೀನಾಳ ಗಂಟಲಿನ ಧ್ವನಿಪೆಟ್ಟಿಗೆ ತೆಗೆಯುವ ಆಪರೇಷನ್ನಿಗೆ ಮುಂಚೆ ತಂಗಿ ಕೊರಿನ್ ಅವಳ ಮುಖಕ್ಕೆ ಬಿಳಿ ಪೌಡರ್ ಬಳಿದು ಕ್ಯಾಮೆರಾ ಮುಂದೆ ಕೂರಿಸಿದ್ದಳು.

"ಅಲ್ಲಾಡ್ಬೇಡ ಕಣೇ ಅಕ್ಕ. ಅಲ್ಲಾಡಿದ್ರೆ ಗೊಂಬೆ ತಲೆ ಮೇಲೆ ಮೂಗು ಕಿವಿ ಹತ್ರ ಹೋಗುತ್ತೆ."

"ಈ ಮೂಗು ಎಲ್ಲಿದ್ರೂ ಚಂದಾನೇ ಬಿಡು," ಎಂದು ನಕ್ಕ ರೊವೀನಾ, ದೆವ್ವದ ದನಿಯಲ್ಲಿ, ಹ್ಯಾಲೋವೀನ್ ಹಬ್ಬಕ್ಕೆ ಬರಲಿರುವ ಮಕ್ಕಳನ್ನು ಬೈಯತೊಡಗಿದ್ದಳು.

ಮಕ್ಕಳು ವೇಷ ಹಾಕಿ ಮನೆಮನೆಗೆ ಚಾಕಲೇಟ್ ಕೇಳಲು ಬರುವ ಹ್ಯಾಲೋವೀನ್ ಸಂಜೆ, ಒಹಾಯೊದ ತಮ್ಮ ಮನೆಯ ಜಗಲಿಯಲ್ಲಿ ಕೊರಿನ್ ಥರ್ಮಾಕೋಲಿನ ತಲೆಯೊಂದನ್ನಿಟ್ಟು, ಪ್ರೊಜೆಕ್ಟರಿನಿಂದ ಅಂದು ಚಿತ್ರೀಕರಿಸಿದ್ದ ಅಕ್ಕನ ಮುಖವನ್ನು ಅದರ ಮೇಲೆ ಬಿಟ್ಟಳು. ಕಣ್ಣಿಗೆ ಕಣ್ಣು, ತುಟಿಗೆ ತುಟಿ ಕೂಡಿಸುವಷ್ಟರಲ್ಲಿ ಕತ್ತಲಾಯಿತು.

"ಏಯ್ ಕಳ್ಳರಾ, ಒಂದೊಂದೇ ಚಾಕಲೇಟ್! ಜಾಸ್ತಿ ತಗೊಂಡ್ರೆ ಕಾಲ್ಬೆರಳು ತಿಂದ್ಬಿಡ್ತೀನಿ!" ಎಂದು ತಲೆ ಗದರಿತು. ಮಕ್ಕಳು ಕಿರುಚಿ ನಕ್ಕರು.

ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡ ರೊವೀನಾ ಪಕ್ಕದಲ್ಲೇ ಕೂತು ಚಾಕಲೇಟ್ ಹಂಚುತ್ತಿದ್ದಳು. ಮಾಟಗಾತಿ ವೇಷದ ಪುಟ್ಟ ಹುಡುಗಿಯೊಬ್ಬಳು ತಲೆಯನ್ನೂ ಅವಳನ್ನೂ ಮಿಕಮಿಕ ನೋಡಿದಳು.

"ಆಂಟಿ, ಅದು ನೀವೇ ಅಲ್ವಾ? ನೀವೂ ಹಂಗೇ ಬೈಯಿರಿ!"

ರೊವೀನಾ ಬಾಯಿ ತೆರೆದಳು. ತಲೆಯ ಮಾತಿಗೆ ಸರಿಯಾಗಿ ಅವಳ ತುಟಿಗಳೂ ಆಡಿದವು. ಆದರೆ ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಮಾಡಿದ್ದ ಕತ್ತಿನ ತೂತಿನಿಂದ, ಸ್ಕಾರ್ಫಿನಡಿಯಿಂದ, ಬರಿಯ ಗಾಳಿ ಹೊರಬಂತು. ಹುಡುಗಿ ಇನ್ನೂ ಕಾಯುತ್ತಿದ್ದಳು.

ಕೊರಿನ್ ಓಡಿಬಂದು ಪ್ರೊಜೆಕ್ಟರ್ ಆರಿಸಹೋದಳು. ರೊವೀನಾ ಅವಳ ಕೈ ಹಿಡಿದು, ಬೇಡವೆಂದು ಸನ್ನೆ ಮಾಡಿದಳು.

ಮಕ್ಕಳೆಲ್ಲ ಹೋದ ಮೇಲೂ ಅಕ್ಕ ತಂಗಿ ಚಳಿಯಲ್ಲಿ ಒತ್ತಿಕೊಂಡು ಕೂತು, ಆ ತಲೆ ಮತ್ತೆ ಮತ್ತೆ ಬೈಯುವುದನ್ನು ಕೇಳುತ್ತ ಅತ್ತರು. ಕೊರಿನ್‌ಳ ಅಳು ಬೀದಿಗೂ ಕೇಳಿಸುತ್ತಿತ್ತು. ರೊವೀನಾಳದು ಪಕ್ಕದಲ್ಲಿದ್ದವಳಿಗೂ ಕೇಳಿಸಲಿಲ್ಲ.