ಕೊನೆಯ ಗಾಡಿಯವರು ಮುಚ್ಚಿದ ಗೇಟು

ಥೆಲ್ಮಾ ಮಾಡಿ ತಂದ ಕೇಕನ್ನು ನಾನು ಮುಟ್ಟಲೇ ಇಲ್ಲ. ನನ್ನ ಗಂಡ ರಸೆಲ್ ಮಾತ್ರ ಇನ್ನೊಂದು ತುಂಡಿಗೆ ಕೈಹಾಕಿದ. ಹಸಿವೇನೂ ಇರಲಿಲ್ಲ ಅವನಿಗೆ. ಬಾಯಿ ತುಂಬಿದ್ದರೆ ಮಾತಾಡುವ ಗೋಜಿರುವುದಿಲ್ಲವಲ್ಲ, ಅದಕ್ಕೆ.

ಕಾಳ್ಗಿಚ್ಚು ಆರಿ ವಾರವಾಗಿತ್ತು. ಊರಿನ ಹಾಲ್‌ನಲ್ಲಿ ನಮ್ಮ ಬ್ರಿಗೇಡಿನವರಿಗೆಲ್ಲ ಚಹಾ ಇಟ್ಟಿದ್ದರು. ಬ್ರಿಗೇಡ್ ಅಂದರೆ ಇನ್ಯಾರು, ನಾವೇ. ಕುರಿ ಸಾಕುವವರು, ಶಾಲೆಯ ಬಸ್ಸು ಓಡಿಸುವವರು, ಬೆಂಕಿ ಬಿದ್ದಾಗ ಸಂಬಳವಿಲ್ಲದೆ ಹಳದಿ ಕೋಟು ಹಾಕಿಕೊಂಡು ನೀರಿನ ಟ್ಯಾಂಕರ್ ಹತ್ತುವವರು. ಮೊದಲ ಟ್ಯಾಂಕರ್ ನಮ್ಮ ಕ್ಯಾಪ್ಟನ್ ಮರ್ವ್‌ನದು, ಎರಡನೆಯದನ್ನು ಓಡಿಸುವವಳು ನಾನು. ಪಕ್ಕದ ಸೀಟಿನಲ್ಲಿ ರಸೆಲ್. ನಮ್ಮ ಕಡೆ ಗೇಟು ಬಂದರೆ ಪಕ್ಕದ ಸೀಟಿನವನೇ ಇಳಿಯಬೇಕು. ಸಾಲಾಗಿ ಹೋಗುವಾಗ ಮುಂದಿನ ಗಾಡಿಯವರು ತೆಗೆಯುತ್ತಾರೆ, ಕೊನೆಯ ಗಾಡಿಯವರು ಮುಚ್ಚುತ್ತಾರೆ. ಕುರಿ ಸಾಕುವ ಊರಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆ ಮಧ್ಯಾಹ್ನ ಉತ್ತರದ ಗಾಳಿಗೆ ನೀಲಗಿರಿ ಮರಗಳ ಕಾಡು ಪೂರ್ತಿ ಹೊತ್ತಿಕೊಂಡು ಥೆಲ್ಮಾಳ ಮನೆಯ ಕಡೆಗೇ ಬರುತ್ತಿತ್ತು. ಅವಳ ಒಣಹುಲ್ಲಿನ ಬಯಲು ದಾಟಿದರೆ ಗೇಟು, ಗೇಟಿನಾಚೆ ಬರಿಮಣ್ಣಿನ ಅಂಗಳ. ಮರ್ವ್‌ನ ಟ್ಯಾಂಕರ್ ಒಳಗೆ ನುಗ್ಗಿತು, ಹಿಂದೆಯೇ ನಾವು. ರಸೆಲ್ ಇಳಿದು ಗೇಟು ಎಳೆದು ಸರಪಳಿ ಸಿಕ್ಕಿಸಿದ. ಕನ್ನಡಿಯಲ್ಲಿ ನೋಡಿದ ನಾನು, ಇಂಥ ಹೊತ್ತಲ್ಲೂ ಮರೆಯಲಿಲ್ಲವಲ್ಲ ಅಂತ ಹೆಮ್ಮೆಪಟ್ಟೆ. ನನ್ನ ಹೆಮ್ಮೆಗಿಷ್ಟು ಬೆಂಕಿ ಹಾಕ.

ಮನೆ ಉಳಿಯಿತು. ಹೊಗೆ ತಿಳಿಯಾದಾಗ ನೋಡಿದರೆ ಅವಳ ಹಿಂಡು ಪೂರ್ತಿ ಗೇಟಿನ ಆಚೆಬದಿಗೆ ಒತ್ತಿಕೊಂಡು ಸತ್ತುಬಿದ್ದಿತ್ತು. ಈಚೆ ಅಂಗಳದಲ್ಲಿ ಒಂದು ಕಡ್ಡಿಯೂ ಸುಟ್ಟಿರಲಿಲ್ಲ.

ಮರುದಿನ ಮರ್ವ್ ಏನೋ ಮಾತಿಗೆ, "ಪುಣ್ಯಕ್ಕೆ ಗೇಟು ತೆಗೆದೇ ಇತ್ತು, ಇಳಿಯೋ ಕೆಲಸ ಉಳೀತು" ಅಂದ. ಆಗ ನನಗೆ ಹೊಳೆಯಿತು. ಕುರಿಗಳು ಅಂಗಳಕ್ಕೆ ಬರಲಿ ಅಂತ ಥೆಲ್ಮಾಳೇ ತೆಗೆದಿಟ್ಟಿದ್ದಳು. ಮರ್ವ್ ತೆಗೆದದ್ದು, ನಾವು ಮುಚ್ಚಬೇಕಾದದ್ದು ಅಂದುಕೊಂಡು ನಾವು ಮುಚ್ಚಿದ್ದೆವು. ಮನೆಗೆ ಬಂದು ಹೇಳಿದರೆ ರಸೆಲ್, "ಸುಮ್ನಿರು. ಹೋದ ಕುರಿ ವಾಪಸ್ ಬರ್ತಾವಾ?" ಅಂದ. ನಾನೂ ಸುಮ್ಮನಾದೆ.

ಹಾಲ್‌ನಲ್ಲಿ ಥೆಲ್ಮಾ ಕೇಕು ಹಂಚಿ ಮುಗಿಸಿ, ಚೀಲದಿಂದ ಬ್ರಿಗೇಡಿನ ರೇಡಿಯೋ ತೆಗೆದು ಮರ್ವ್‌ನ ಮುಂದಿಟ್ಟಳು. ಯಾವ ಟ್ಯಾಂಕರ್ ಎಲ್ಲಿಗೆ ಹೋಗಬೇಕು ಅಂತ ತನ್ನ ಅಡುಗೆಮನೆಯಿಂದ ಅದರಲ್ಲಿ ನಮಗೆಲ್ಲ ಹೇಳುತ್ತಿದ್ದವಳು ಅವಳೇ.

"ಏನಮ್ಮಾ, ಕೇಕ್ ಜೊತೆ ರೇಡಿಯೋನೂ ಹಂಚ್ತಿದ್ದೀಯಾ?" ಅಂತ ಮರ್ವ್ ನಕ್ಕ.

ಅವಳು ನಗಲಿಲ್ಲ. "ಬೇರೆ ಯಾರಿಗಾದ್ರೂ ಕೊಡು. ಗೇಟು ತೆಗೆದೆ ಅಂತಾನೇ ಅನ್ಕೊಂಡಿದ್ದೆ ಮರ್ವ್. ಬಿಸಿಲಿಗೆ ಕಾದ ಸರಪಳಿ ಕೈ ಸುಟ್ಟಿದ್ದೂ ನೆನಪಿದೆ. ನೋಡಿದ್ರೆ ಮುಚ್ಚೇ ಇತ್ತು. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು, ಮಾಡದೇ ಇರೋದನ್ನ ಮಾಡಿದೀನಿ ಅನ್ನೋಳು. ಕೊನೇಗೆ ನನ್ನ ಗುರುತೇ ಹತ್ತಲಿಲ್ಲ ಅವಳಿಗೆ. ಜಮೀನು ಯಾರಿಗಾದ್ರೂ ವಹಿಸಿ ತಂಗಿ ಮನೆಗೆ ಹೋಗ್ತೀನಿ."

ಮೇಜಿನ ಕೆಳಗೆ ರಸೆಲ್‌ನ ಕಾಲು ತುಳಿದೆ. ಅವನು ಚಹಾದ ಕಪ್ಪನ್ನೇ ನೋಡುತ್ತ ಕೂತ.

"ಥೆಲ್ಮಾ, ಗೇಟು ನೀನು ತೆಗ್ದಿದ್ದೆ," ಅಂದೆ. "ಮುಚ್ಚಿದ್ದು ನಾವು."

ರಸೆಲ್ ಕೇಕು ಕೆಳಗಿಟ್ಟ. "ನಾವಲ್ಲ, ನಾನು. ಮರ್ವ್ ತೆಗೆದಿರ್ತಾನೆ ಅನ್ಕೊಂಡೆ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನಾನು ತೆಗ್ದಿದ್ನಾ?"

"ಹೂಂ."

"ಸರಪಳಿ ಕೈ ಸುಡ್ತಿತ್ತು."

"ಹೂಂ, ಸುಟ್ಟಿರತ್ತೆ."

ಅಲ್ಲೇ ಕುಸಿದು ಕೂತು ಅತ್ತಳು. ಅಷ್ಟು ಕುರಿ ಕಳೆದುಕೊಂಡವಳು ತನ್ನ ತಲೆ ಸರಿಯಿದೆ ಅನ್ನುವ ಸಮಾಧಾನಕ್ಕೆ ಅಳುತ್ತಿದ್ದಳು, ಅದನ್ನು ನೋಡಲು ನನಗೆ ಮುಖವಿರಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿಮಗೆ?" ಕಣ್ಣೊರೆಸಿಕೊಂಡು ಕೇಳಿದಳು.

"ಮಾರನೇ ದಿನದಿಂದ."

ಥೆಲ್ಮಾ ಕೈ ಬಿಟ್ಟಳು. "ಮರೆತುಹೋದ್ರೆ ಇರ್ಲಿ ಅಂತ ಕನ್ನಡಿ ಮೇಲೆ ನನ್ನ ಹೆಸರು ಬರೆದು ಅಂಟಿಸ್ಕೊಂಡಿದ್ದೆ ಕಣೇ ಗ್ಲೆನಿಸ್," ಅಂದಳು. "ದಿನಾ ಬೆಳಿಗ್ಗೆ ಎದ್ದು ಅದನ್ನ ಓದ್ತಿದ್ದೆ."

ಮರ್ವ್‌ನ ಮುಂದಿದ್ದ ರೇಡಿಯೋ ಎತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.