ಇನ್ನೂ ಹದಿನೈದು ಕಿಲೊ

ಲೋಸಲೀನೆಯನ್ನು ಜಿಮ್ಮಿಗೆ ಸೇರಿಸಿದವಳು ನಾನೇ. ಆಕ್ಲೆಂಡಿನ ಮಾಂಗೆರೆಯಲ್ಲಿರುವ ಆ ಜಿಮ್ಮಿನಲ್ಲಿ ಬೆಳಗಿನ ಪಾಳಿಗೆ ಬಾಗಿಲ ಬಳಿಯ ಮೇಜಿನ ಹಿಂದೆ ಕೂರುವುದು ನನ್ನ ಕೆಲಸ. ಅವಳು ನನ್ನ ದೊಡ್ಡಮ್ಮನ ಮಗಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು.

ಆ ವರ್ಷ ಸಕ್ಕರೆ ಕಾಯಿಲೆಯಿಂದ ಸುಲಿಯೆಟಿ ದೊಡ್ಡಮ್ಮನ ಎಡಗಾಲು ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ಮಗಳನ್ನು ಡಾಕ್ಟರು ಮೇಲಿಂದ ಕೆಳಗೆ ನೋಡಿ, "ನೀವೂ ಇದೇ ದಾರಿ ಹಿಡಿದಿದ್ದೀರಿ" ಅಂದರಂತೆ. ಮಾರನೆಯ ದಿನವೇ ಅವಳು ನನ್ನ ಮೇಜಿನ ಮುಂದಿದ್ದಳು.

"ಅಕ್ಕಾ, ನನ್ನ ಹೆಸ್ರೂ ಬರ್ಕೋ. ಬೇಗ ಬರಿ, ಆಮೇಲೆ ನಾಚ್ಕೆ ಆಗಿ ಓಡೋಗ್ಬಿಡ್ತೀನಿ."

ನಾನು ಖುಷಿಯಿಂದ ಅಪ್ಪಿಕೊಂಡೆ.

ಮೂರು ತಿಂಗಳಲ್ಲಿ ಅವಳ ಮುಖದ ಮೂಳೆ ಕಾಣತೊಡಗಿತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯವರ ಹೆಂಡತಿ ಅವಳ ಸೊಂಟ ಹಿಡಿದು ತಿರುಗಿಸಿ, "ನೋಡ್ರೇ, ನಮ್ಮ ಲೋಸಲೀನೆ ಮದುವೆ ಹುಡುಗಿ ಆಗ್ಬಿಟ್ಲು!" ಅಂದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅವಳದು ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ. ದಿನವಿಡೀ ಪ್ರಯಾಣಿಕರ ತಟ್ಟೆಗಳಿಗೆ ಅನ್ನ, ಕೋಳಿ, ಕೇಕು ಜೋಡಿಸುವುದು. ಕೆಲಸಕ್ಕೆ ಮುಂಚೆ ಬೆಳಗ್ಗೆ ಐದಕ್ಕೆ ಜಿಮ್ಮಿಗೆ ಬರುತ್ತಿದ್ದಳು. ಆಮೇಲೆ ನನ್ನ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ ಸಂಜೆಯೂ ಬಂದುಹೋದ ಗುರುತು ಕಾಣಿಸಿತು. ಕೊನೆಗೆ ದಿನಕ್ಕೆ ಮೂರು ಸಲ. ಛಲಗಾತಿ ಅಂದುಕೊಂಡೆ.

ಒಂದು ಭಾನುವಾರ ಅವರ ಮನೆಯಲ್ಲಿ ಊಟ. ತೆಂಗಿನ ಹಾಲು, ಮಾಂಸ ಹಾಕಿ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸುವ ನಮ್ಮ ಅಡುಗೆಯನ್ನು ಅವಳೇ ಮಾಡಿದ್ದಳು, ಅವಳೇ ಎಲ್ಲರಿಗೂ ಬಡಿಸಿದಳು, ಆಗಾಗ ಒಂದು ತುತ್ತು ಬಾಯಿಗಿಟ್ಟು ಟಿಶ್ಯೂವಿನಲ್ಲಿ ಬಾಯಿ ಒರೆಸಿಕೊಂಡಳು. ಮೇಜು ತೆಗೆಯುವಾಗ ಅವಳ ಕುರ್ಚಿಯ ಹಿಂದೆ ಮುದ್ದೆ ಕಟ್ಟಿದ ಆ ಟಿಶ್ಯೂಗಳು ಸಿಕ್ಕವು. ಬಿಡಿಸಿ ನೋಡಿದರೆ ಅಗಿದು ಉಗುಳಿದ ಮಾಂಸ, ಎಲೆ.

ಮರುದಿನ ಬೆಳಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳನ್ನು ಹಿಡಿದೆ. ಆಗಷ್ಟೇ ಸ್ನಾನ ಮುಗಿಸಿದ್ದಳು. ಮುಷ್ಟಿಯಲ್ಲಿ ಉದುರಿದ ಕೂದಲಿತ್ತು.

"ಏನೇ ಇದು?"

"ಶಾಂಪೂ ಬದ್ಲಾಯಿಸ್ದೆ, ಅಷ್ಟೇ."

"ನಿನ್ನೆ ಟಿಶ್ಯೂಲಿ ಇದ್ದದ್ದೂ ಶಾಂಪೂನಾ?"

ಅವಳು ಬೆಂಚಿನ ಮೇಲೆ ಕುಸಿದು ಕೂತಳು.

"ಮೊನ್ನೆ ಒಂದು ಸೇಬು ತಿಂದೆ ಅಕ್ಕಾ. ತಿಂದಿದ್ದೇ ತಡ, ಎಡಗಾಲು ಮರಗಟ್ಟಿದ ಹಾಗಾಯ್ತು, ಅಮ್ಮಂದು ಆಗ್ತಿತ್ತಲ್ಲ ಹಾಗೆ. ಒಂದೂವರೆ ಗಂಟೆ ಓಡಿದ್ಮೇಲೇ ಹೋಗಿದ್ದು."

"ಸಾಕು, ನಿಲ್ಲಿಸ್ಬಿಡೇ."

"ನಿಲ್ಸೋಕೆ ಬರ್ತಿಲ್ಲ. ನೀನು ನಿಲ್ಲಿಸು ಅಂತೀಯ, ಊರೆಲ್ಲ ಚಪ್ಪಾಳೆ ತಟ್ಟುತ್ತೆ. ಯಾರ ಮಾತು ಕೇಳ್ಲಿ ಹೇಳು."

ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕೂದಲು ಉದುರುವುದು, ತಲೆಸುತ್ತು, ನಾಲ್ಕು ತಿಂಗಳಿಂದ ಮುಟ್ಟು ನಿಂತಿರುವುದು ಎಲ್ಲವನ್ನೂ ನಾನೇ ಹೇಳಿದೆ. ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು.

"ಆರು ತಿಂಗಳಿಗೆ ಮೂವತ್ತೊಂದು ಕಿಲೊ! ಭೇಷ್. ಇನ್ನೂ ಹದಿನೈದು ಕಿಲೊ ಇಳಿಸಿದ್ರೆ ಆಯ್ತು."

"ಡಾಕ್ಟ್ರೇ, ಇವಳು ಊಟಾನೇ ಮಾಡ್ತಿಲ್ಲ."

"ನೀವು ಹೆದರೋ, ಊಟ ಬಿಡೋ ಕಾಯಿಲೆ ಕಡ್ಡಿ ಹಾಗಿರೋ ಹುಡುಗೀರಿಗೆ ಬರೋದು," ಅಂದು ಅವರು ನಕ್ಕರು. "ಇವರನ್ನು ನೋಡಿ, ಹಾಗಿದ್ದಾರಾ?"

ಕಾರಿನಲ್ಲಿ ಅವಳು ಗೆದ್ದವಳ ಹಾಗೆ ಬೀಗುತ್ತಾಳೆ ಎಂದುಕೊಂಡಿದ್ದೆ. ಅಳುತ್ತಿದ್ದಳು.

"ಅವ್ರಾದ್ರೂ ಸಾಕು ಅಂತಾರೆ ಅಂದ್ಕೊಂಡಿದ್ದೆ ಅಕ್ಕಾ."

ಮರುದಿನ ನಾನು ಯಾರನ್ನೂ ಕೇಳದೆ, ಜಿಮ್ಮಿನ ಬಾಗಿಲು ತೆರೆಯುವ ಅವಳ ಕಾರ್ಡನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿದೆ. ಐದಕ್ಕೆ ಬಂದು ಕಾರ್ಡು ತೋರಿಸಿದಳು. ಕೆಂಪು ದೀಪ. ಇನ್ನೊಮ್ಮೆ ತೋರಿಸಿದಳು. ಗಾಜಿನ ಬಾಗಿಲ ಒಳಗಿಂದ ನಾನು ಇಲ್ಲವೆಂದು ತಲೆಯಾಡಿಸಿದೆ.

"ಪಿಸಿಲಾ, ಬಾಗ್ಲು ತೆಗಿಯೇ!" ಗಾಜಿಗೆ ಅಂಗೈಯಿಂದ ಬಡಿದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನಾನು ತೆಗೆಯಲಿಲ್ಲ. ಅವಳು ಕಾರು ನಿಲ್ಲಿಸುವ ಜಾಗದಲ್ಲಿ, ತುಂತುರು ಮಳೆಯಲ್ಲಿ, ಸುತ್ತುಸುತ್ತಿ ಓಡತೊಡಗಿದಳು. ಸುಸ್ತಾಗಿ ತಾನೇ ನಿಲ್ಲುತ್ತಾಳೆ ಅಂತ ನೋಡುತ್ತಲೇ ಇದ್ದೆ. ನಿಲ್ಲಲಿಲ್ಲ, ಬಿದ್ದಳು. ನಾನು ಓಡಿಹೋಗಿ ತಲೆ ಎತ್ತಿ ಮಡಿಲಲ್ಲಿಟ್ಟುಕೊಂಡಾಗ ಅವಳ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ವಯಸ್ಸಾದ ನರ್ಸೊಬ್ಬರು ಎದೆಗೆ ತಂತಿ ಅಂಟಿಸಿ ನೋಡಿದರು. ನಿಮಿಷಕ್ಕೆ ಮೂವತ್ತಾರು ಬಡಿತ. ಅವರು ತೂಕ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಮಗಳೇ, ಹೊಟ್ಟೆ ತುಂಬಾ ಊಟ ಮಾಡಿದ್ದು ಯಾವಾಗ?" ಅಂದರು.

"ಅಮ್ಮನ ಕಾಲು ತೆಗೆಯೋ ಹಿಂದಿನ ದಿನ."

"ಹಸಿವಿನಿಂದ ನಿನ್ನ ಹೃದಯ ಸೋತಿದೆ. ಮೈ ದಪ್ಪ ಇದ್ದೋರಿಗೂ ಇದು ಆಗುತ್ತೆ. ನಾನು ನೋಡಿದ್ದೀನಿ."

ಹನ್ನೊಂದು ದಿನ ಇಟ್ಟುಕೊಂಡರು. ದೊಡ್ಡಮ್ಮ ಗಾಲಿಕುರ್ಚಿಯಲ್ಲಿ ಬಂದು, "ನನ್ನ ಕಾಲು ನೋಡಿ ಹೆದರ್ಕೊಂಡ್ಯಾ ಕಂದಾ?" ಅಂತ ಒಂದೇ ಮಾತು ಕೇಳಿದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಇದೆಲ್ಲ ಆಗಿ ಎಂಟು ತಿಂಗಳಾಯಿತು. ಈ ಕಾಯಿಲೆಯನ್ನು ನೋಡುವ ವೈದ್ಯೆಯ ಹತ್ತಿರ ಹದಿನೈದು ದಿನಕ್ಕೊಮ್ಮೆ ಹೋಗುತ್ತಾಳೆ. ಗುಣವಾಯಿತು ಅಂತ ಹೇಳಲಾರೆ. ಹೋದ ತಿಂಗಳು ಚರ್ಚಿನಲ್ಲಿ ಯಾರೋ ಪ್ರೀತಿಯಿಂದಲೇ ಕೆನ್ನೆ ಹಿಂಡಿ, "ಅಯ್ಯೋ, ಮತ್ತೆ ತುಂಬ್ಕೊಳ್ತಿದ್ದೀಯಲ್ಲೇ, ಅಷ್ಟು ಕಷ್ಟಪಟ್ಟಿದ್ದೆ!" ಅಂದರು. ಆಮೇಲೆ ನಾಲ್ಕು ದಿನ ಅವಳು ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ.

ಅವಳಿಗೆ ರಜೆ ಇರುವ ದಿನ ನನ್ನ ಪಾಳಿ ಮುಗಿಸಿ ಅವರ ಮನೆಗೆ ಹೋಗಿ ಜೊತೆಗೆ ಊಟಕ್ಕೆ ಕೂರುತ್ತೇನೆ. ನಿನ್ನೆ ಅವಳ ತಟ್ಟೆಯಲ್ಲಿದ್ದದ್ದು ಬೇಯಿಸಿದ ಕೆಸುವಿನ ಗಡ್ಡೆ ಅರ್ಧ, ಒಂದು ತುಂಡು ಮೀನು. ತಿನ್ನಲು ನಲವತ್ತು ನಿಮಿಷ ಹಿಡಿಯಿತು. ತಿಂದಳು, ಉಗುಳಲಿಲ್ಲ.

"ಸ್ವಲ್ಪ ನಡ್ಕೊಂಡು ಬರ್ಲಾ ಅಕ್ಕಾ? ಬೀದಿ ಕೊನೇವರ್ಗೆ ಅಷ್ಟೇ."

"ಬೇಡ. ಇಲ್ಲೇ ಕೂತ್ಕೋ."

ಕೂತಳು. ಕಿಟಕಿಯ ಹೊರಗೆ ನೋಡುತ್ತಾ ಏನೋ ಸಿನಿಮಾದ ಮಾತು ತೆಗೆದಳು. ಮೇಜಿನ ಕೆಳಗೆ ಅವಳ ಎರಡೂ ಹಿಮ್ಮಡಿಗಳು ನೆಲವನ್ನು ಒಂದೇ ಸಮನೆ ಬಡಿಯುತ್ತಿದ್ದವು.